ಮರ್ಲೂರಿನ ನಗು ಮನೆಯ ಟಿವಿಗೆ ಬಂದಾಗ

‘ಸು ಫ್ರಮ್ ಸೋ’ ಚಿತ್ರವನ್ನು ನಾನು ಎರಡು ಸಲ ನೋಡಿದೆ. ಮೊದಲನೆಯ ಸಲ 2025ರ ಆಗಸ್ಟ್ 3ರ ಭಾನುವಾರ, ಬೆಂಗಳೂರಿನ ಒಂದು ಚಿತ್ರಮಂದಿರದಲ್ಲಿ, ಬೇರೆಲ್ಲೂ ಜಾಗ ಸಿಗದೆ ಪರದೆಗೆ ತೀರ ಹತ್ತಿರದ ಸಾಲಿನಲ್ಲಿ ಕತ್ತೆತ್ತಿ ಕುಳಿತು. ಎರಡನೆಯ ಸಲ ಸೆಪ್ಟೆಂಬರ್‌ನಲ್ಲಿ, ಚಿತ್ರ ಜಿಯೋಹಾಟ್‌ಸ್ಟಾರ್‌ಗೆ ಬಂದ ವಾರವೇ, ಮನೆಯ ಟಿವಿಯಲ್ಲಿ, ಹೆಂಡತಿ, ಮಗಳು ಮತ್ತು ಅರಕಲಗೂಡಿನಿಂದ ಬಂದಿದ್ದ ಅತ್ತೆಯವರ ಜೊತೆ. ಚಿತ್ರಮಂದಿರದಲ್ಲಿ ಜನರ ನಗುವಿನ ಗದ್ದಲಕ್ಕೆ ಅರ್ಧದಷ್ಟು ಮಾತುಗಳು ಕಿವಿಗೆ ಬೀಳಲಿಲ್ಲ. ಮನೆಯಲ್ಲಿ ಒಂದು ಮಾತೂ ತಪ್ಪದೆ ಕೇಳಿಸಿತು, ನಗು ಮಾತ್ರ ಅರ್ಧಕ್ಕಿಳಿಯಿತು. ಚಿತ್ರ ಹೇಗಿದೆ ಎಂದು ಯಾರಾದರೂ ಕೇಳಿದರೆ, ಎಲ್ಲಿ ಕುಳಿತು, ಯಾರೊಡನೆ ನೋಡುತ್ತೀರಿ ಎಂದು ತಿರುಗಿ ಕೇಳದೆ ಉತ್ತರ ಹೇಳುವುದು ಅಂದಿನಿಂದ ನನಗೆ ಕಷ್ಟವಾಗಿದೆ.

ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಬಹುದು. ಕರಾವಳಿಯ ಮರ್ಲೂರು ಎಂಬ ಊರಿನ ಅಶೋಕ ಎಂಬ ಹುಡುಗ, ಹುಡುಗಿಯೊಬ್ಬಳನ್ನು ಕದ್ದು ನೋಡಲು ಹೋಗಿ ಸಿಕ್ಕಿಬೀಳುವ ಹೊತ್ತಿಗೆ, ಮಾನ ಉಳಿಸಿಕೊಳ್ಳಲು ಮೈಮೇಲೆ ಏನೋ ಬಂದವನಂತೆ ನಟಿಸುತ್ತಾನೆ. ಊರು ಅದನ್ನು ನಂಬುತ್ತದೆ. ನಂಬುವುದಷ್ಟೇ ಅಲ್ಲ, ಆ ಸುಳ್ಳನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ಬೆಳೆಸುತ್ತದೆ. ಬಂದದ್ದು ಸೋಮೇಶ್ವರದ ಸುಲೋಚನೆಯ ಪ್ರೇತವೆಂದು ತೀರ್ಮಾನವಾಗುತ್ತದೆ, ಚಿತ್ರದ ಹೆಸರಿನ ‘ಸು’ ಮತ್ತು ‘ಸೋ’ ಅಲ್ಲಿಂದ ಬಂದವು. ಪ್ರೇತ ಬಿಡಿಸಲು ಒಬ್ಬ ಗುರೂಜಿ ಬರುತ್ತಾನೆ, ಸುಲೋಚನೆಯ ಮಗಳು ಭಾನು ಕಥೆಯೊಳಗೆ ಪ್ರವೇಶಿಸುತ್ತಾಳೆ, ಅಲ್ಲಿಂದ ಮುಂದೆ ನಗುವಿಗೆ ಸ್ವಲ್ಪ ಕಣ್ಣೀರೂ ಬೆರೆಯುತ್ತದೆ. ಇನ್ನೂ ನೋಡದವರು ಇರುವುದರಿಂದ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಜೆ.ಪಿ. ತುಮಿನಾಡ್ ಚಿತ್ರವನ್ನು ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ತಾವೇ ಮಾಡಿದ್ದಾರೆ. ರಾಜ್ ಬಿ. ಶೆಟ್ಟಿಯವರ ಲೈಟರ್ ಬುದ್ಧ ಫಿಲ್ಮ್ಸ್ ಅದನ್ನು ನಿರ್ಮಿಸಿದೆ.

ಪುತ್ತೂರು ಕಡೆಯವನಾದ ನನಗೆ ಊರಿನ ಹೆಸರು ಕೇಳಿದೊಡನೆಯೇ ಮೊದಲ ನಗು ಬಂದಿತ್ತು. ತುಳುವಿನಲ್ಲಿ ‘ಮರ್ಲ್’ ಎಂದರೆ ಹುಚ್ಚು. ಹೀಗಾಗಿ ಮರ್ಲೂರು ಎಂದರೆ ಹುಚ್ಚರ ಊರು ಎಂದೇ ನಮ್ಮ ಕಿವಿಗೆ ಕೇಳಿಸುತ್ತದೆ, ಚಿತ್ರ ಮಾತ್ರ ಅದನ್ನು ಎಲ್ಲಿಯೂ ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಘಟ್ಟದ ಮೇಲಿನ ಕನ್ನಡದಲ್ಲಿ ಭೂತವೆಂದರೆ ದೆವ್ವ. ತುಳುನಾಡಿನಲ್ಲಿ ಭೂತವೆಂದರೆ ಕೋಲ ಕಟ್ಟಿಸಿಕೊಂಡು ನ್ಯಾಯ ಹೇಳುವ ದೈವ. ಸತ್ತವರ ಆತ್ಮಕ್ಕೆ ಅಲ್ಲಿ ‘ಕುಲೆ’ ಎಂಬ ಬೇರೆಯೇ ಪದವಿದೆ, ಮದುವೆಯಾಗದೆ ತೀರಿಹೋದವರಿಗೆ ಗಂಡು ಹೆಣ್ಣು ಹುಡುಕಿ ಮದುವೆ ಮಾಡಿಸುವ ಪದ್ಧತಿಯೂ ಇದೆ. ಸತ್ತವರೊಂದಿಗೆ ಹೀಗೆ ಕೊಟ್ಟು ತೆಗೆದುಕೊಳ್ಳುವ ಸಂಬಂಧ ಇಟ್ಟುಕೊಂಡ ಊರಿಗೆ ಸುಲೋಚನೆ ಬಂದಳೆಂದರೆ, ಜನ ಓಡಿಹೋಗುವುದಿಲ್ಲ. ಹೆದರಿಕೊಂಡೇ ಹತ್ತಿರ ಬಂದು, ಏನು ಬೇಕಂತೆ, ಯಾರ ಮನೆಯವಳಂತೆ ಎಂದು ವಿಚಾರಿಸುತ್ತಾರೆ. ಚಿತ್ರದ ಹಾಸ್ಯದ ಬೇರು ಈ ಕುತೂಹಲದಲ್ಲಿದೆ. ಹೆದರಿಕೆಯ ಚಿತ್ರಗಳಲ್ಲಿ ದೆವ್ವ ಬಂದ ಮನೆಯನ್ನು ಜನ ಬಿಟ್ಟುಹೋಗುತ್ತಾರೆ, ಇಲ್ಲಿ ದೆವ್ವ ಬಂದ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಚಿತ್ರ ಬಿಡುಗಡೆಯಾದ 2025ರ ಜುಲೈ 25, ಆಟಿ ಅಮಾವಾಸ್ಯೆಯ ಮರುದಿನ. ಸತ್ತವರ ನೆನಪಿನ ತಿಂಗಳಾದ ಆಟಿಯಲ್ಲಿ, ಊರಿನಲ್ಲಿ ಜನ ಹಾಲೆ ಮರದ ಕಷಾಯ ಕುಡಿದು ಇನ್ನೂ ಬಾಯಿ ಕಹಿಯಿರುವಾಗಲೇ ಈ ಚಿತ್ರ ತೆರೆಗೆ ಬಂತು. ಅದು ಉದ್ದೇಶಪಟ್ಟು ಮಾಡಿದ್ದೋ ಆಕಸ್ಮಿಕವೋ, ನನಗಂತೂ ಒಪ್ಪಿತವಾಯಿತು.

ಈ ಚಿತ್ರದ ನಾಯಕ ಯಾರು ಎಂದು ಕೇಳಿದರೆ ನಾನು ಗುಂಪು ಎನ್ನುತ್ತೇನೆ. ಒಂದು ಚೌಕಟ್ಟಿನಲ್ಲಿ ಏಳೆಂಟು ಜನ ನಿಂತು ಏಕಕಾಲಕ್ಕೆ ಮಾತನಾಡುತ್ತಿರುತ್ತಾರೆ. ಮುಂದೆ ನಿಂತವನು ಗಂಭೀರವಾಗಿ ಪ್ರೇತದ ವಿಷಯ ಹೇಳುತ್ತಿದ್ದರೆ ಹಿಂದೆ ನಿಂತವನು ಊಟದ ವಿಷಯ ಎತ್ತುತ್ತಾನೆ, ಬದಿಯಲ್ಲಿದ್ದವನು ಇಬ್ಬರಿಗೂ ಸೇರಿಸಿ ಒಂದು ಕೊಂಕು ನುಡಿಯುತ್ತಾನೆ. ಕನ್ನಡ ಹಾಸ್ಯಚಿತ್ರಗಳ ವಾಡಿಕೆ ಹೀಗಲ್ಲ. ಅಲ್ಲಿ ಒಬ್ಬ ಹಾಸ್ಯನಟ ಒಂದು ಮಾತು ಹೇಳಿ, ಜನ ನಕ್ಕು ಮುಗಿಸಲೆಂದು ಎರಡು ಕ್ಷಣ ಸುಮ್ಮನೆ ನಿಂತು, ಆಮೇಲೆ ಮುಂದಿನದಕ್ಕೆ ಹೋಗುತ್ತಾನೆ. ಇಲ್ಲಿ ಯಾರೂ ನಿಲ್ಲುವುದಿಲ್ಲ. ನೀವು ಮೊದಲನೆಯ ಮಾತಿಗೆ ನಗುತ್ತಿರುವಾಗ ಎರಡನೆಯದು, ಮೂರನೆಯದು ಕೈತಪ್ಪಿ ಹೋಗಿರುತ್ತವೆ. ಚಿತ್ರಮಂದಿರದಲ್ಲಿ ನನ್ನ ಎಡಕ್ಕಿದ್ದವರು ಒಂದಕ್ಕೆ ನಕ್ಕರೆ ಬಲಕ್ಕಿದ್ದವರು ಇನ್ನೊಂದಕ್ಕೆ ನಗುತ್ತಿದ್ದರು, ನನ್ನ ಹಿಂದೆ ಒಬ್ಬರು ತಮ್ಮ ಪಕ್ಕದವರಿಗೆ ಕಳೆದುಹೋದ ಮಾತನ್ನು ಹೇಳಿಕೊಡುತ್ತಿದ್ದರು. ಪರದೆಯ ಮೇಲಿನ ಗುಂಪಿಗೂ ಕೆಳಗೆ ಕುಳಿತ ನಮ್ಮ ಗುಂಪಿಗೂ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ.

ಈ ಬಗೆಯ ಸಂಭಾಷಣೆಯ ಹೊಂದಾಣಿಕೆ ಒಂದೆರಡು ತಿಂಗಳ ತಾಲೀಮಿನಿಂದ ಬರುವಂಥದ್ದಲ್ಲ. ತುಮಿನಾಡು ಇರುವುದು ತಲಪಾಡಿ ಗಡಿಯಾಚೆ, ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆ. ನಿರ್ದೇಶಕರೂ, ಅದೇ ಊರಿನ ಹೆಸರು ಹೊತ್ತ ಪ್ರಕಾಶ್ ತುಮಿನಾಡ್ ಅವರೂ ಬಂದದ್ದು ರಂಗಭೂಮಿಯಿಂದ. ದೀಪಕ್ ರೈ ಪಾಣಾಜೆ, ಮೈಮ್ ರಾಮದಾಸ್, ಪುಷ್ಪರಾಜ್ ಬೋಳಾರ್ ಮುಂತಾದವರ ಮುಖಗಳೂ ಕರಾವಳಿಯ ವೇದಿಕೆಗಳನ್ನು ನೋಡಿದವರಿಗೆ ಹೊಸವಲ್ಲ. ಜಾತ್ರೆಯ ಗದ್ದೆಯಲ್ಲಿ, ಐಸ್‌ಕ್ರೀಮ್ ಗಾಡಿಯ ಗಂಟೆಯ ನಡುವೆ, ಎದ್ದುಹೋಗುವ ಪ್ರೇಕ್ಷಕನನ್ನು ಮಾತಿನಿಂದಲೇ ಹಿಡಿದು ಕೂರಿಸುವ ತುಳು ನಾಟಕದ ಕಸುಬು ಇಲ್ಲಿ ಕ್ಯಾಮೆರಾದ ಮುಂದೆ ಬಂದಿದೆ. ನಾಟಕದವರು ಸಿನಿಮಾ ಮಾಡಿದಾಗ ಧ್ವನಿ ದೊಡ್ಡದಾಗುವ, ಕೈಕಾಲು ಹೆಚ್ಚಾಗಿ ಆಡುವ ತೊಂದರೆ ಸಾಮಾನ್ಯ. ಇಲ್ಲಿ ಅದು ಅಲ್ಲಲ್ಲಿ ಕಾಣುತ್ತದೆಯಾದರೂ ಕಿರಿಕಿರಿಯಾಗುವಷ್ಟಿಲ್ಲ.

ಇಷ್ಟು ಜನರ ನಡುವೆ ಎದ್ದು ನಿಲ್ಲುವವರು ರವಿಯಣ್ಣನ ಪಾತ್ರದ ಶನೀಲ್ ಗೌತಮ್. ಮದುವೆ, ಸಾವು, ಜಗಳ, ಪೂಜೆ ಯಾವುದೇ ಇರಲಿ, ಎಲ್ಲದರ ಮುಂದೆ ನಿಂತು ನಡೆಸಿಕೊಡುವ, ತನ್ನ ಮದುವೆಯನ್ನು ಮಾತ್ರ ಮಾಡಿಕೊಳ್ಳದ ಇಂಥ ಅಣ್ಣ ನಮ್ಮ ಕಡೆಯ ಪ್ರತಿ ಊರಿನಲ್ಲಿಯೂ ಒಬ್ಬ ಇದ್ದೇ ಇರುತ್ತಾನೆ. ಅವನ ದೊಡ್ಡಸ್ತಿಕೆ ಹಣದಿಂದ ಬಂದದ್ದಲ್ಲ, ಎಲ್ಲರೂ ‘ರವಿಯಣ್ಣ ಬರಲಿ’ ಎಂದು ಕಾಯುವುದರಿಂದ ಬಂದದ್ದು. ಆ ಕಾಯುವಿಕೆ ತಪ್ಪಿದರೆ ತಾನು ಯಾರು ಎಂಬ ಸಣ್ಣ ಹೆದರಿಕೆಯನ್ನು ಶನೀಲ್ ಕಣ್ಣಿನಲ್ಲಿಯೇ ತೋರಿಸುತ್ತಾರೆ, ಸಂಭಾಷಣೆಯಲ್ಲಿ ಅದು ಎಲ್ಲಿಯೂ ಇಲ್ಲ. ಬೋಳಾರ್ ಅವರ ‘ಬಾವ’ ಪಾತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆ ಬಾವನ ಹಾಡು ಆ ಮಳೆಗಾಲದಲ್ಲಿ ಗಣೇಶನ ಪೆಂಡಾಲಿನಿಂದ ಮದುವೆ ಛತ್ರದವರೆಗೆ ಎಲ್ಲ ಕಡೆ ಕೇಳಿಸಿತು, ನಮ್ಮ ಕಾಲೊನಿಯ ಕಾರ್ಯಕ್ರಮದಲ್ಲಿ ಅದಕ್ಕೆ ಕುಣಿದ ಮಕ್ಕಳಲ್ಲಿ ಅರ್ಧ ಜನರ ಮನೆಮಾತು ಕನ್ನಡವೇ ಅಲ್ಲ.

ಇನ್ನು ಮನೆಯ ಪ್ರದರ್ಶನದ ವಿಷಯ. ಮೊದಲ ಹತ್ತು ನಿಮಿಷದಲ್ಲಿ ಅತ್ತೆಯವರು ಮೂರು ಸಲ ‘ಏನಂದ?’ ಎಂದು ಕೇಳಿದರು. ‘ಎಂತದ್ದು’, ‘ಉಂಟು’, ‘ಮಾರಾಯ’ ಇವು ಅವರಿಗೆ ಗೊತ್ತಿದ್ದವು, ವೇಗ ಗೊತ್ತಿರಲಿಲ್ಲ. ನಾನು ಚಿತ್ರವನ್ನು ನಿಲ್ಲಿಸಿ, ಮಾತಿನ ಅರ್ಥ ಹೇಳಿ, ಮತ್ತೆ ಮುಂದುವರಿಸುತ್ತಿದ್ದೆ. ಹಾಸ್ಯವನ್ನು ಹೀಗೆ ಬಿಡಿಸಿ ಹೇಳುವುದು ಮಾವಿನಕಾಯಿ ಉಪ್ಪಿನಕಾಯಿಯನ್ನು ತೊಳೆದು ಬಡಿಸಿದಂತೆ ಎಂದು ಹೆಂಡತಿ ರಿಮೋಟ್ ಕಿತ್ತುಕೊಂಡಳು. ಅರ್ಧ ಗಂಟೆಯ ನಂತರ ಅತ್ತೆಯವರು ಕೇಳುವುದನ್ನು ಬಿಟ್ಟರು, ಮುಖಗಳನ್ನು ನೋಡಿಯೇ ನಗತೊಡಗಿದರು. ‘ನಮ್ಮೂರಲ್ಲೂ ಹಿಂಗೇ ಕಣಪ್ಪಾ, ಒಬ್ಬಳ ಮೈಮೇಲೆ ಬಂದರೆ ಕೇಳೋಕೆ ನೂರು ಜನ’ ಎಂದು ತಮ್ಮ ಕಾಲದ ಎರಡು ಪ್ರಸಂಗ ಹೇಳಿದರು, ಆ ಪ್ರಸಂಗಗಳ ನಡುವೆ ಚಿತ್ರದ ಒಂದು ಹಾಡು ಕಳೆದುಹೋಯಿತು. ಯಾರಿಗೂ ಬೇಸರವಾಗಲಿಲ್ಲ.

ಆದರೆ ಸುತ್ತ ನಗುವಿಲ್ಲದಾಗ ಚಿತ್ರದ ಕೊರತೆಗಳೂ ಕಣ್ಣಿಗೆ ಬೀಳುತ್ತವೆ. ಎಲ್ಲಕ್ಕಿಂತ ಮೊದಲನೆಯದನ್ನು ಎತ್ತಿದವಳು ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳು. ಕಥೆಗೆ ಚಾಲನೆ ಸಿಗುವುದೇ ಒಬ್ಬ ಹುಡುಗ ಹುಡುಗಿಯನ್ನು ಕದ್ದು ನೋಡುವುದರಿಂದ. ಅವನ ಸುಳ್ಳು ಏನಾಗುತ್ತದೆ ಎಂಬ ಲೆಕ್ಕವನ್ನು ಚಿತ್ರ ಕೊನೆಯವರೆಗೂ ಇಡುತ್ತದೆ, ಆ ಹುಡುಗಿಗೆ ಏನಾಯಿತು ಎಂಬ ಲೆಕ್ಕವನ್ನು ಎಲ್ಲಿ ಇಟ್ಟಿದೆ ಎಂದು ಅವಳು ಕೇಳಿದಳು. ಚಿತ್ರಮಂದಿರದಲ್ಲಿ ಈ ಪ್ರಶ್ನೆ ನನ್ನ ತಲೆಗೆ ಹೊಳೆದೇ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಮುಂದೆ ಭಾನುವಿನ ಕಥೆಯ ಮೂಲಕ, ಬದುಕಿರುವ ಹೆಣ್ಣಿನ ಮಾತನ್ನು ಕೇಳದ ಊರು ಸತ್ತವಳ ಮಾತನ್ನು ಕೈಮುಗಿದು ಕೇಳುತ್ತದೆ ಎಂಬ ದೊಡ್ಡ ಮಾತೊಂದನ್ನು ಚಿತ್ರ ಆಡಲು ಹೊರಡುತ್ತದೆ. ಅದು ನಿಜಕ್ಕೂ ಒಳ್ಳೆಯ ಯೋಚನೆ, ಬರವಣಿಗೆಯ ಅತ್ಯಂತ ಬುದ್ಧಿವಂತ ತಿರುವು. ಆದರೆ ಅದಕ್ಕೆ ಬೇಕಾದಷ್ಟು ಜಾಗ ಸಿಕ್ಕಿಲ್ಲ. ಭಾನುವಾಗಿ ಸಂಧ್ಯಾ ಅರಕೆರೆ ಕಡಿಮೆ ಮಾತಿನಲ್ಲಿ ಹೆಚ್ಚು ಕೆಲಸ ಮಾಡಿದ್ದಾರೆ, ಅವರಿಗೆ ಮಾತನ್ನೇ ಕೊಡದೆ ಹೆಚ್ಚು ಕೆಲಸ ಮಾಡಿಸಿಕೊಂಡಿದ್ದಾರೆ ಎಂದೂ ಹೇಳಬಹುದು. ಹತ್ತು ಗಂಡಸರಿಗೆ ಹತ್ತು ಬಗೆಯ ಚಟ, ಹೆದರಿಕೆ, ಹಮ್ಮು ಎಲ್ಲವನ್ನೂ ಹಂಚಿಕೊಟ್ಟ ಲೇಖಕರು ಊರಿನ ಹೆಂಗಸರಿಗೆ ಬಾಗಿಲ ಸಂದಿಯನ್ನಷ್ಟೇ ಬಿಟ್ಟಿದ್ದಾರೆ. ನಮ್ಮ ಊರಿನ ಯಾವುದೇ ಪ್ರೇತದ ಪ್ರಕರಣದಲ್ಲಿ ಕೊನೆಯ ತೀರ್ಪು ಹೇಳುವವರು ಅಡುಗೆಮನೆಯ ಅಜ್ಜಿಯಂದಿರು, ಅವರು ಇಲ್ಲಿ ಇಲ್ಲ.

ವಿರಾಮದ ನಂತರದ ಅರ್ಧ ಗಂಟೆ ಸಡಿಲವಾಗಿದೆ. ಒಂದೇ ಬಗೆಯ ಹೆದರಿಕೆಯ ಪ್ರಸಂಗ ಎರಡು ಸಲ ಬಂದಂತೆ ಅನಿಸುತ್ತದೆ. ಚಿತ್ರಮಂದಿರದಲ್ಲಿ ಈ ಭಾಗವನ್ನು ಹೊತ್ತು ಸಾಗಿಸುವವರು ಗುರೂಜಿಯಾಗಿ ಬಂದ ರಾಜ್ ಬಿ. ಶೆಟ್ಟಿ. ತಮ್ಮದೇ ಸಂಸ್ಥೆಯ ಚಿತ್ರದಲ್ಲಿ, ತಮ್ಮ ಹೆಸರೇ ಎಲ್ಲರಿಗಿಂತ ದೊಡ್ಡದಾಗಿದ್ದರೂ, ಕಥೆಯನ್ನು ತಮ್ಮತ್ತ ಎಳೆದುಕೊಳ್ಳದೆ ಪಾತ್ರಕ್ಕೆ ತಕ್ಕಷ್ಟೇ ಇದ್ದು ಹೋಗಿರುವುದು ಮೆಚ್ಚತಕ್ಕದ್ದು. ಎಸ್. ಚಂದ್ರಶೇಖರನ್ ಅವರ ಛಾಯಾಗ್ರಹಣ ಕರಾವಳಿಯ ಮಳೆಯನ್ನೂ ತೋಟವನ್ನೂ ಪ್ರವಾಸೋದ್ಯಮದ ಜಾಹೀರಾತಿನಂತೆ ತೋರಿಸುವ ಆಸೆಗೆ ಬಿದ್ದಿಲ್ಲ, ಮನೆಯ ಅಂಗಳ, ಟ್ಯೂಬ್‌ಲೈಟಿನ ಬೆಳಕು, ಪ್ಲಾಸ್ಟಿಕ್ ಕುರ್ಚಿ ಇಷ್ಟರಲ್ಲಿಯೇ ಊರು ಕಟ್ಟಿದೆ. ಸುಮೇಧ್ ಕೆ. ಅವರ ಹಾಡುಗಳು ಕುಣಿಯಲು ಚೆನ್ನಾಗಿವೆ.

ಅತ್ತೆಯವರ ‘ಏನಂದ’ ಎಂಬ ಪ್ರಶ್ನೆಗೆ ಮತ್ತೆ ಬರುತ್ತೇನೆ, ಏಕೆಂದರೆ ಅದರಲ್ಲಿ ಒಂದು ಚರಿತ್ರೆಯೇ ಇದೆ. ನಾನು ಬೆಂಗಳೂರಿಗೆ ಬಂದ ಕಾಲದಲ್ಲಿ ಚಿತ್ರಗಳೊಳಗೆ ಮಂಗಳೂರು ಕನ್ನಡ ಮಾತನಾಡುವವನೆಂದರೆ ಒಬ್ಬ ಹೋಟೆಲ್ ಮಾಣಿ ಅಥವಾ ಒಬ್ಬ ಭಟ್ಟರು. ಅವರು ‘ಎಂತ ಮಾರಾಯ್ರೇ’ ಎಂದೊಡನೆ ಜನ ನಗಬೇಕು, ಆ ಮಾತಿನಲ್ಲಿ ಹಾಸ್ಯವಿರಲಿ ಇಲ್ಲದಿರಲಿ. ಕಚೇರಿಯಲ್ಲಿ ನನ್ನನ್ನೂ ಹಾಗೆಯೇ ಮಾತನಾಡಿಸುತ್ತಿದ್ದರು, ಪ್ರೀತಿಯಿಂದಲೇ. 2014ರಲ್ಲಿ ‘ಉಳಿದವರು ಕಂಡಂತೆ’ ಮಲ್ಪೆಯ ಮಾತನ್ನು ಗಂಭೀರ ಕಥೆಗೆ ಬಳಸಿತು, 2017ರಲ್ಲಿ ‘ಒಂದು ಮೊಟ್ಟೆಯ ಕಥೆ’ಯಲ್ಲಿ ಮಂಗಳೂರಿನ ಕನ್ನಡ ಉಪನ್ಯಾಸಕನೊಬ್ಬ ನಾಯಕನಾದ, 2018ರಲ್ಲಿ ಕಾಸರಗೋಡಿನ ಸರ್ಕಾರಿ ಶಾಲೆಯ ಕಥೆ ರಾಜ್ಯವಿಡೀ ಓಡಿತು, 2022ರಲ್ಲಿ ‘ಕಾಂತಾರ’ ಬಂತು. ಹತ್ತು ವರ್ಷಗಳಲ್ಲಿ ಕಿವಿ ಪಳಗಿತು. ‘ಸು ಫ್ರಮ್ ಸೋ’ದಲ್ಲಿ ಎಲ್ಲರೂ ಒಂದೇ ಬಗೆಯಲ್ಲಿ ಮಾತನಾಡುವುದರಿಂದ ಉಚ್ಚಾರಣೆ ಹಾಸ್ಯವಾಗಿ ಉಳಿಯುವುದಿಲ್ಲ, ಹಾಸ್ಯಕ್ಕೆ ಬೇರೆ ದಾರಿ ಹುಡುಕಲೇಬೇಕಾಗುತ್ತದೆ. ಆಗಸ್ಟ್‌ನಲ್ಲಿ ಮಲಯಾಳ ಮತ್ತು ತೆಲುಗಿಗೂ ಡಬ್ ಆಗಿ, ನಮ್ಮ ಮಾತಿನ ಧಾಟಿ ಒಂದಿಷ್ಟೂ ತಿಳಿಯದವರೂ ನಕ್ಕರೆಂದರೆ ಆ ದಾರಿ ಸಿಕ್ಕಿದೆ ಎಂದೇ ಅರ್ಥ.

ಹಣದ ಮಾತನ್ನೂ ಆಡಿಬಿಡೋಣ. ನಾವು ಮೂವರು ಚಿತ್ರಮಂದಿರಕ್ಕೆ ಹೋಗಿಬರಲು ಟಿಕೆಟ್, ತಿಂಡಿ, ವಾಹನ ನಿಲುಗಡೆ ಎಲ್ಲ ಸೇರಿ ಒಂದೂವರೆ ಸಾವಿರ ರೂಪಾಯಿ ಮೀರಿತು, ಅದರಲ್ಲಿ ಜೋಳದ ಅರಳಿನ ಪಾಲು ಟಿಕೆಟ್ಟಿಗಿಂತ ಕಡಿಮೆಯೇನೂ ಇರಲಿಲ್ಲ. 2025ರ ಮಾರ್ಚ್ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಘೋಷಿಸಿತು, ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದುಪಡಿ ಮಾಡಿತು, ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಹೀಗೆ ದುಬಾರಿಯಾದ ಮೇಲೆ ಜನ ಯಾವುದಕ್ಕೆ ಮನೆಯಿಂದ ಹೊರಡಬೇಕೆಂದು ಲೆಕ್ಕ ಹಾಕುವುದು ಸಹಜ. ಈ ಚಿತ್ರಕ್ಕೆ ಹೊರಡಬಹುದಾಗಿತ್ತು, ನಾನು ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ. ಯಾವುದಾದರೂ ಊರಿನಲ್ಲಿ ಮತ್ತೆ ತೆರೆಗೆ ಬಂದರೆ, ಅಥವಾ ಯಾವುದಾದರೂ ಸಂಘದವರು ಪರದೆ ಕಟ್ಟಿ ತೋರಿಸಿದರೆ, ಟಿವಿಯಲ್ಲಿ ನೋಡಿದವರೂ ಇನ್ನೊಮ್ಮೆ ಹೋಗಿ ನೋಡಿ ಎನ್ನುತ್ತೇನೆ. ಅದು ಸಾಧ್ಯವಾಗದಿದ್ದರೆ ಕನಿಷ್ಠ ಹತ್ತು ಜನ ನೆಂಟರು ಮನೆಗೆ ಬಂದ ದಿನ ಹಾಕಿ.

ಇದೇ ಪ್ರಕಾಶ್ ತುಮಿನಾಡ್ ಅವರನ್ನು ಅದೇ ವರ್ಷ ಮಾರ್ಚ್‌ನಲ್ಲಿ ನಾನು ‘ಮಿಥ್ಯ’ದಲ್ಲಿ ನೋಡಿದ್ದೆ, ಒಂದು ಬೆಳಗಿನ ಪ್ರದರ್ಶನದಲ್ಲಿ, ನನ್ನನ್ನೂ ಸೇರಿಸಿ ಹನ್ನೊಂದು ಜನರ ನಡುವೆ. ಸುಮಂತ್ ಭಟ್ ನಿರ್ದೇಶಿಸಿ, ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ನಿರ್ಮಿಸಿದ ಚಿತ್ರ ಅದು. 2023ರಲ್ಲಿಯೇ ಮುಂಬೈ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡರೂ ಚಿತ್ರಮಂದಿರಕ್ಕೆ ಬರಲು ಅದಕ್ಕೆ 2025ರ ಮಾರ್ಚ್ 7ರವರೆಗೆ ಕಾಯಬೇಕಾಯಿತು. ತಂದೆ ತಾಯಿಯನ್ನು ಕಳೆದುಕೊಂಡ ಹನ್ನೊಂದು ವರ್ಷದ ಮಿಥುನ್ ಮುಂಬೈಯಿಂದ ಉಡುಪಿಗೆ, ಚಿಕ್ಕಮ್ಮನ ಮನೆಗೆ ಬರುತ್ತಾನೆ. ಚಿತ್ರದಲ್ಲಿ ನಡೆಯುವುದು ಹೆಚ್ಚುಕಡಿಮೆ ಇಷ್ಟೇ. ಏನಾಯಿತು, ಏಕಾಯಿತು ಎಂಬುದನ್ನು ಯಾರೂ ಅವನನ್ನು ಕೂರಿಸಿಕೊಂಡು ಹೇಳುವುದಿಲ್ಲ, ನಮಗೂ ಹೇಳುವುದಿಲ್ಲ. ಪಕ್ಕದ ಕೋಣೆಯಲ್ಲಿ ಹಿರಿಯರು ತಗ್ಗಿದ ದನಿಯಲ್ಲಿ ಆಡುವ ಅರ್ಧರ್ಧ ಮಾತುಗಳನ್ನು ಅವನು ಕೇಳಿಸಿಕೊಂಡಂತೆ ನಾವೂ ಕೇಳಿಸಿಕೊಳ್ಳಬೇಕು. ಮಕ್ಕಳು ಯಾರ ಬಳಿ ಇರಬೇಕು ಎಂದು ಎರಡೂ ಕಡೆಯ ನೆಂಟರು ಜಗ್ಗಾಡುತ್ತಿರುವಾಗ ಆ ಹುಡುಗ ಏನು ಯೋಚಿಸುತ್ತಿದ್ದಾನೆ ಎಂದು ಕೇಳುವವರಿಲ್ಲ.

ಅಂಥ ಹುಡುಗನಾಗಿ ಆತಿಶ್ ಶೆಟ್ಟಿ ಮಾಡಿರುವ ಕೆಲಸ ಬೆರಗು ಹುಟ್ಟಿಸುವಂಥದ್ದು. ಚಿತ್ರಗಳಲ್ಲಿ ಅನಾಥ ಮಕ್ಕಳು ಅಳುತ್ತಾರೆ ಅಥವಾ ಹಿರಿಯರಿಗೇ ಬುದ್ಧಿ ಹೇಳುತ್ತಾರೆ, ಇವನು ಎರಡನ್ನೂ ಮಾಡುವುದಿಲ್ಲ. ಸಿಟ್ಟಾಗುತ್ತಾನೆ, ಸಿಟ್ಟನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ತಪ್ಪು ಜಾಗದಲ್ಲಿ ಹಾಕುತ್ತಾನೆ. ಅವನ ಚಿಕ್ಕಪ್ಪನಾಗಿ ಪ್ರಕಾಶ್ ತುಮಿನಾಡ್ ಇದ್ದಾರೆ. ನನ್ನ ಮುಂದಿನ ಸಾಲಿನಲ್ಲಿದ್ದ ಇಬ್ಬರು ಅವರು ಪರದೆಯ ಮೇಲೆ ಕಂಡೊಡನೆ ಅಭ್ಯಾಸಬಲದಿಂದ ನಕ್ಕರು, ಎರಡನೆಯ ದೃಶ್ಯಕ್ಕೆ ಸುಮ್ಮನಾದರು. ಮಗುವಿಗೆ ಏನು ಹೇಳಬೇಕೆಂದು ತಿಳಿಯದ, ಹೇಳಬೇಕೆಂಬ ಆಸೆಯುಳ್ಳ ಒಬ್ಬ ಸಾಧಾರಣ ಗೃಹಸ್ಥ ಹೇಗೆ ಬಾಗಿಲಲ್ಲಿ ಒಂದು ಕ್ಷಣ ನಿಂತು ಮರಳಿಹೋಗುತ್ತಾನೆ ಎಂಬುದನ್ನು ಅವರು ನಟನೆಯೆನಿಸದಂತೆ ಮಾಡಿದ್ದಾರೆ. ಚಿಕ್ಕಮ್ಮನಾಗಿ ರೂಪಾ ವರ್ಕಾಡಿಯವರದೂ ಅಷ್ಟೇ ತೂಕದ ಅಭಿನಯ. ಎರಡು ಚಿತ್ರಗಳಲ್ಲಿಯೂ ಒಬ್ಬನೇ ನಟ, ಒಂದೇ ಬಗೆಯ ಕನ್ನಡ. ಒಂದರಲ್ಲಿ ಅದು ಗದ್ದಲ, ಇನ್ನೊಂದರಲ್ಲಿ ಮೌನದ ನಡುವಿನ ಎರಡೇ ಮಾತು.

‘ಮಿಥ್ಯ’ಕ್ಕೆ ಖಾಲಿ ಚಿತ್ರಮಂದಿರ ಅಡ್ಡಿಯಾಗಲಿಲ್ಲ, ಹನ್ನೊಂದು ಜನರೂ ದೂರದೂರ ಕುಳಿತಿದ್ದದ್ದು ಆ ಚಿತ್ರಕ್ಕೆ ಹೊಂದಿಕೊಂಡಿತ್ತು. ಆದರೆ ಹನ್ನೊಂದು ಜನರಿಂದ ಚಿತ್ರಮಂದಿರದ ವಿದ್ಯುತ್ ಬಿಲ್ ಕಟ್ಟಲಾಗುವುದಿಲ್ಲ. ಮರುವಾರ ನನ್ನ ಮಾತು ಕೇಳಿ ಹೊರಟ ಗೆಳೆಯರೊಬ್ಬರಿಗೆ ಹತ್ತಿರದಲ್ಲೆಲ್ಲೂ ಪ್ರದರ್ಶನವೇ ಸಿಗಲಿಲ್ಲ. ಮುಕ್ಕಾಲು ಭಾಗದ ನಂತರ ಅದರ ನಡಿಗೆ ತೀರ ನಿಧಾನವಾಗುತ್ತದೆ ಎಂಬ ದೂರು ನನಗೂ ಇದೆ, ಕೆಲವು ದೃಶ್ಯಗಳು ಮುಗಿದ ಮೇಲೂ ಕ್ಯಾಮೆರಾ ಎದ್ದು ಹೋಗಲು ಒಪ್ಪುವುದಿಲ್ಲ. ಅಷ್ಟಾದರೂ ಆ ವರ್ಷ ನಾನು ನೋಡಿದ ಕನ್ನಡ ಚಿತ್ರಗಳಲ್ಲಿ ಹೆಚ್ಚು ದಿನ ಜೊತೆಯಲ್ಲಿ ಉಳಿದದ್ದು ಅದೇ. ಈಚೆಗೆ ಮನೆಯಲ್ಲಿ ಸಾವು ಕಂಡವರು ತಿಳಿದು ನೋಡಬೇಕು, ರಾತ್ರಿ ಮಲಗುವ ಮುಂಚೆಯಂತೂ ಬೇಡ.

ಇಂಥ ಕಥೆಗಳಿಗೆ ಮನೆಯ ಪರದೆಯೇ ತಕ್ಕ ಜಾಗ ಎಂದುಕೊಂಡರೆ, ಅಲ್ಲಿಯ ಬಾಗಿಲೂ ಸುಲಭವಾಗಿ ತೆರೆಯುವುದಿಲ್ಲ ಎಂಬುದಕ್ಕೆ ‘ಏಕಂ’ ಸಾಕ್ಷಿ. ಏಳು ಬಿಡಿ ಕಥೆಗಳ ಈ ಕನ್ನಡ ಸರಣಿಯನ್ನು ಕಟ್ಟಿದವರಲ್ಲಿ ಇದೇ ಸುಮಂತ್ ಭಟ್ ಒಬ್ಬರು, ಇನ್ನೊಬ್ಬರು ಸಂದೀಪ್ ಪಿ.ಎಸ್. ರಕ್ಷಿತ್ ಶೆಟ್ಟಿ ನಿರ್ಮಾಣದಲ್ಲಿ ಭಾಗಿ. ರಾಜ್ ಬಿ. ಶೆಟ್ಟಿ, ಪ್ರಕಾಶ್ ರಾಜ್, ಪ್ರಕಾಶ್ ತುಮಿನಾಡ್‌ರಂಥ ನಟರಿದ್ದರೂ ಯಾವ ಒಟಿಟಿ ಸಂಸ್ಥೆಯೂ ಕೊಳ್ಳಲು ಮುಂದೆ ಬರಲಿಲ್ಲ. ಕೊನೆಗೆ 2024ರ ಜುಲೈ 13ರಂದು ತಂಡದವರು ತಮ್ಮದೇ ಜಾಲತಾಣ ಮಾಡಿ 149 ರೂಪಾಯಿಗೆ ಬಿಡುಗಡೆ ಮಾಡಿದರು. ನಾವು ಆಗಲೇ ಹಣ ಕಟ್ಟಿ, ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ಟಿವಿಗೆ ಜೋಡಿಸಿ, ದಿನಕ್ಕೆ ಒಂದೋ ಎರಡೋ ಕಂತಿನಂತೆ ನೋಡಿದೆವು. ಹಾಗೆಯೇ ನೋಡಬೇಕು, ಒಂದೇ ರಾತ್ರಿ ಏಳನ್ನೂ ಮುಗಿಸಲು ಹೊರಟರೆ ಒಂದು ಕಥೆಯ ಮನಃಸ್ಥಿತಿ ಇನ್ನೊಂದರ ಮೇಲೆ ಸೋರುತ್ತದೆ. ಎಲ್ಲ ಕಂತುಗಳೂ ಒಂದೇ ಮಟ್ಟದಲ್ಲಿಲ್ಲ, ಎರಡು ಕಥೆಗಳು ನನಗೆ ಕೊನೆಗೂ ಅರ್ಥವಾಗದೆ ಉಳಿದವು, ಅದನ್ನು ನನ್ನ ಮಂದಬುದ್ಧಿಯೆಂದು ಮಗಳು ಈಗಲೂ ಹಾಸ್ಯ ಮಾಡುತ್ತಾಳೆ. ಆದರೆ ಮನುಷ್ಯರ ಒಂಟಿತನವನ್ನು ಕರಾವಳಿಯ ಮನೆಯಂಗಳಗಳಲ್ಲಿಟ್ಟು ನೋಡುವ ಒಂದೇ ಕಣ್ಣು ಏಳರಲ್ಲಿಯೂ ಇದೆ, ಯಾವ ಕಂತಿನಲ್ಲಿಯೂ ಹಿನ್ನೆಲೆ ಸಂಗೀತ ಬಂದು ಈಗ ಅಳಿ ಎಂದು ಹೇಳುವುದಿಲ್ಲ. 149 ರೂಪಾಯಿ ಎಂದರೆ ಚಿತ್ರಮಂದಿರದ ಅರ್ಧ ಡಬ್ಬ ಜೋಳದ ಅರಳಿನ ಬೆಲೆ. ಕನ್ನಡಕ್ಕೆಂದೇ ಒಂದು ಒಟಿಟಿ ವೇದಿಕೆ ಮಾಡುವುದಾಗಿ ಸರ್ಕಾರ ಅದೇ 2025ರ ಬಜೆಟ್ಟಿನಲ್ಲಿ ಹೇಳಿದೆ. ಅದು ಬಂದ ದಿನ ಮೊದಲು ಹಾಕಬೇಕಾದದ್ದು ಇಂಥವನ್ನು.

‘ಏಕಂ’ ನೋಡುವಾಗಲೂ ಅತ್ತೆಯವರು ನಮ್ಮಲ್ಲಿದ್ದರು. ಸಂಜೆ ಆರರಿಂದ ಧಾರಾವಾಹಿಗಳ ಮುಂದೆ ಕೂರುವುದು ಅವರ ಪದ್ಧತಿ, ಅದರಲ್ಲಿಯೂ ಉಮಾಶ್ರೀಯವರ ‘ಪುಟ್ಟಕ್ಕನ ಮಕ್ಕಳು’ ತಪ್ಪುವಂತಿರಲಿಲ್ಲ, ಪುಟ್ಟಕ್ಕನ ಮಾತು ತಮ್ಮ ಊರಿನದಕ್ಕೆ ಹತ್ತಿರವೆಂಬುದು ಅವರು ಕೊಡುತ್ತಿದ್ದ ಕಾರಣ. ಮಾತಿನ ನಂಟು ಎಷ್ಟು ಗಟ್ಟಿಯೆಂಬುದು ನನಗೆ ಅದರಿಂದಲೂ ಗೊತ್ತಾಗಿತ್ತು. ಧಾರಾವಾಹಿಗಳು ಮುಗಿದ ಮೇಲೆ ನಾವು ‘ಏಕಂ’ ಹಾಕಿದಾಗ ಅವರು ಎದ್ದುಹೋಗುತ್ತಾರೆ ಎಂದುಕೊಂಡಿದ್ದೆವು. ಅವರು ಹೋಗಲಿಲ್ಲ. ಮೊದಲ ಕಂತನ್ನು ಒಂದು ಪ್ರಶ್ನೆಯನ್ನೂ ಕೇಳದೆ ನೋಡಿದರು, ಎರಡನೆಯದರ ನಡುವೆ ಕುರ್ಚಿಯಲ್ಲಿಯೇ ನಿದ್ದೆಹೋದರು. ಮಾರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡುತ್ತಾ, ‘ಅಳಿಯಂದ್ರೆ, ರಾತ್ರಿ ಅರ್ಧಕ್ಕೆ ಬಿಟ್ಟದ್ದನ್ನ ಈಗ ಹಾಕ್ತೀರಾ’ ಎಂದರು.